ಅದನ್ನ ಒಂಚೂರು ಮಲಗಸ್ರಿ

ಮೇಜಿನ ಮೇಲೆ, ಬಿ.ಪಿ. ಪಟ್ಟಿಯ ಪಕ್ಕ,
ಅಂಗೈಯಷ್ಟು ಯಂತ್ರ. ನೆತ್ತಿಗೊಂದು ಕೆಂಪು ಚುಕ್ಕೆ.
ಚುಕ್ಕೆ ಉರಿಯುತ್ತಿದ್ದರೆ ಕೇಳುತ್ತಿದೆ ಎಂದರ್ಥ.
ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡು
ಕೆಳಗೆ ಇಂಗ್ಲಿಷಿನ ಟಿಪ್ಪಣಿ ಹೆಣೆಯುತ್ತದೆ,
ನನ್ನ ಕೈಬರಹಕ್ಕಿಂತ ಸಾವಿರ ಪಾಲು ಅಂದ.
ಔಷಧದ ಅಂಗಡಿ ರಾಚಪ್ಪ
ಮೊದಲ ಚೀಟಿ ಓದಿದ ದಿನ ಫೋನು ಹಚ್ಚಿದ್ದ:
“ಆರಾಮ ಅದೀರಿಲ್ರಿ ಮೇಡಂ? ಎಲ್ಲಾ ತಿಳೀತೈತಲ್ರಿ!”

ಗುಳೇದಗುಡ್ಡದ ಈ ಓಣಿಯಲ್ಲಿ
ಹತ್ತೊಂಬತ್ತು ವರ್ಷ ನಾನು ನೋಡಿದ್ದು
ಜನರನ್ನಲ್ಲ, ಕಾಗದವನ್ನು.
“ಹ್ಞಾಂ, ಹೇಳ್ರಿ” ಅಂದು ತಲೆ ತಗ್ಗಿಸಿದರೆ
ಗುರುತು ಸಿಗುತ್ತಿದ್ದುದು
ಮೇಜಿನಂಚಿಗೆ ಬಂದು ಕೂತ ಬೆರಳುಗಳಿಂದ:
ಇದು ಲಾಳಿಯ ಕೈ, ಇದು ಬಣ್ಣದ ಬಾನಿಯ ಕೈ,
ಇದು ಹಂಚಿನಂಚು ಸುಟ್ಟ ಕೈ.
ಈಗ ಬರೆಯುವ ಕೆಲಸ ಇಲ್ಲ.
ತಲೆ ಎತ್ತಿ ಕೂರಬೇಕು.
ಮೊದಮೊದಲು ನಾಚಿಕೆಯಾಯಿತು, ಸುಳ್ಳೇಕೆ?
ಎದುರಿನ ಕಣ್ಣನ್ನು ಅಷ್ಟು ಹೊತ್ತು ಏನು ಮಾಡುವುದು?

ಇವತ್ತು ಹದಿನಾರನೆಯ ಟೋಕನ್, ಬನಶಂಕ್ರೆವ್ವ ಚಿಲ್ಲಾಳ.
ನಿಯಮದಂತೆ ಕೇಳಿದೆ:
“ಇದು ನಮ್ಮ ಮಾತು ಬರ್ಕೊಂತೈತ್ರಿ. ಒಪ್ಪಿಗಿ ಐತೇನು?”
ಅವಳು ಚುಕ್ಕೆ ನೋಡಿದಳು.
“ಬರ್ಕೊಂಡು ಯಾರಿಗೆ ಹೇಳ್ತೈತಿ?”
“ಯಾರಿಗೂ ಇಲ್ಲ, ನನಗ.”
“ನೀವ ಇಲ್ಲೇ ಕುಂತೀರಲ್ಲ!”
ಇದಕ್ಕೆ ಉತ್ತರ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಮೊಣಕಾಲು ನೋವು. ಬರೆಯಿತು.
ಊಟ ಸೇರುವುದಿಲ್ಲ. ಬರೆಯಿತು.
“ಮೂರು ತಿಂಗಳಾತ್ರಿ, ಮಗ್ಗ ಬಂದ್ ಬಿದ್ದೈತಿ.”
ಪರದೆಯ ಮೇಲೆ ಮಗ ಬಿದ್ದಿದ್ದ, ಮೂರು ತಿಂಗಳ ಹಿಂದೆ,
ಪೆಟ್ಟಿನ ವಿವರ ಲಭ್ಯವಿಲ್ಲ.
ತಿದ್ದಿದೆ. ಒಂದು ಒತ್ತಕ್ಷರಕ್ಕೆ ಹುಡುಗ ಎದ್ದು ನಿಂತ,
ಮಗ್ಗ ಮಾತ್ರ ಬಿದ್ದಲ್ಲೇ ಬಿದ್ದಿತ್ತು.

“ನಿದ್ದಿ ಬರ್ತೈತೇನ್ರಿ?”
“ಹೂಂ.”
ನಮ್ಮ ಕಡೆ ಹೂಂಗಳು ಎಷ್ಟು ಬಗೆ.
ಕತೆ ಕೇಳುವ ಕೂಸಿನ ಹೂಂ ಬೇರೆ,
ಕೈಗಡ ಕೇಳಿದವನಿಗೆ ಅನ್ನುವ ಹೂಂ ಬೇರೆ,
ಹುಡುಗಿ ಒಪ್ಪಿದಳೆಂದು
ಮನೆ ಮುಂದೆ ಹಂದರ ಹಾಕಿಸಿದ ಹೂಂ ಬೇರೆ.
ಇವಳದು ತುಟಿ ತೆರೆಯದೆ, ಮೂಗಿನಿಂದ ಹೊರಟು
ಅರ್ಧ ದಾರಿಗೆ ಕುಸಿದು ಕೂತ ಹೂಂ.
ಯಂತ್ರ ಬರೆಯಿತು: ನಿದ್ರೆ ಸಹಜ.

ಮುಂಚಿನ ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ.
ಅದೂ ನಾನೂ ಒಂದೇ ಶಾಲೆಯವರು.
ಆದರೆ ಇವತ್ತು ಕೈ ಖಾಲಿ ಇತ್ತು.
ಅವಳು ಹೆಬ್ಬೆರಳಿಂದ ಸೆರಗಿನ ಒಂದು ಎಳೆಯನ್ನು
ಬಿಡಿಸುತ್ತಿದ್ದಳು, ಮತ್ತೆ ಹೊಸೆಯುತ್ತಿದ್ದಳು,
ಹರಿದ ನೂಲಿಗೆ ಗಂಟು ಹಾಕುವ ಹಾಗೆ.
ಕಾದೆ. ಪಕ್ಕದ ಮನೆಯ ಮಗ್ಗ ಟಕ್ಕು ಟಕ್ಕು ಅನ್ನುತ್ತಿತ್ತು,
ಯಂತ್ರ ಅದನ್ನು ಮಾತೆಂದು ಎರಡು ಸಲ ನಂಬಿ
ಮೂರನೆಯ ಸಲ ಕೈಬಿಟ್ಟಿತು.

“ಬಾಯಾರ, ಅದನ್ನ ಒಂಚೂರು ಮಲಗಸ್ರಿ.”

ಮಲಗಿಸಿದೆ. ಚುಕ್ಕೆ ಆರಿತು.
ಹದಿನೇಳನ್ನು ಕರೆಯಲೇ ಎಂದು ಇಣುಕಿದ ಕಂಪೌಂಡರ್ ಮೌಲಾಸಾಬ
ನನ್ನ ಮುಖ ನೋಡಿ ಬಾಗಿಲು ಎಳೆದುಕೊಂಡು ಹೋದ.

ಕಡತದಲ್ಲಿ ಹೀಗಿದೆ:
ಹನ್ನೊಂದು ಗಂಟೆ ಆರು ನಿಮಿಷದಿಂದ
ಹನ್ನೊಂದು ಹತ್ತೊಂಬತ್ತರವರೆಗೆ ಧ್ವನಿ ಇಲ್ಲ.
ನಾನೂ ಅಲ್ಲಿ ಏನನ್ನೂ ಸೇರಿಸುವುದಿಲ್ಲ.
‘ನಿದ್ರೆ ಸಹಜ’ ಅನ್ನುವುದನ್ನು ಅಳಿಸಿ
ಒಂದೇ ಬೆರಳಲ್ಲಿ, ತಡವರಿಸುತ್ತ, ಕುಟ್ಟಿದೆ:
ನಿದ್ರೆ ಇಲ್ಲ. ಬುಧವಾರ ಬರಲಿ.
ಒಬ್ಬಳೇ ಬರಲಿ.

ಚಪ್ಪಲಿ ಮೆಟ್ಟುತ್ತಿದ್ದವಳು ಹೊಸ್ತಿಲಲ್ಲಿ ತಿರುಗಿದಳು.
“ಎದ್ದಿತೇನ್ರಿ ಅದು?”
“ಇಲ್ಲ, ಇನ್ನೂ ಎಬ್ಬಸಿಲ್ಲ.”
“ಎಬ್ಬಸ್ರಿ ಪಾಪ,
ಅದರ ಹೊಟ್ಟಿಪಾಡೂ ನಡೀಬೇಕಲ್ಲ.”